ಉಸ್ತಾದ್ ಉಳಿದರೆ ವಿದ್ಯೆ ಉಳಿದೀತು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪಂಡಿತ್ ರಾಜೀವ ತಾರಾನಾಥರ ಸರೋದ್ ವಾದನವನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಉಸ್ತಾದ್ ಅಲಿ ಅಕ್ಬರ್ ಖಾನರ ಈ ಶಿಷ್ಯರು 2024ರ ಜೂನ್ 11ರಂದು ನಮ್ಮ ಮೈಸೂರಿನಲ್ಲೇ ನಿಧನರಾದರು. ಅವರು ನುಡಿಸುತ್ತಿದ್ದ ಸರೋದ್, ಅಫಘಾನಿಸ್ತಾನದ ರಬಾಬಿನಿಂದ ಬೆಳೆದು ಬಂದ ವಾದ್ಯ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಿಪ್ಪುನೇರಳೆ ಮರವನ್ನು ಕೊರೆದು ಮಾಡುವ ರಬಾಬ್ ಪಠಾಣರೊಂದಿಗೆ ಭಾರತಕ್ಕೆ ಬಂದಿತು. ಅತ್ತ 19ನೇ ಶತಮಾನದಲ್ಲಿ ಕಾಬೂಲಿನ ಅಮೀರರು ಭಾರತದ ಉಸ್ತಾದರನ್ನು ಕರೆಸಿಕೊಂಡರು. ಅವರು ನೆಲೆಸಿದ ಕೇರಿಯೇ ಖರಾಬಾತ್.

1992ರ ನಂತರದ ಅಂತರ್ಯುದ್ಧದಲ್ಲಿ ಆ ಕೇರಿ ಹಾಳಾಯಿತು. ಕಲಾವಿದರು ಪೇಶಾವರಕ್ಕೆ ವಲಸೆ ಹೋದರು. 1996ರಿಂದ 2001ರವರೆಗೆ ತಾಲಿಬಾನ್ ಆಡಳಿತ ವಾದ್ಯಸಂಗೀತವನ್ನೇ ನಿಷೇಧಿಸಿತು. ಆ ವರ್ಷಗಳಲ್ಲಿ ಬೆಳೆದ ಮಕ್ಕಳಿಗೆ ಕಲಿಸುವವರೇ ಇರಲಿಲ್ಲ.

2010ರಲ್ಲಿ ಡಾ. ಅಹ್ಮದ್ ಸರ್ಮಸ್ತ್ ಅವರು ಕಾಬೂಲಿನಲ್ಲಿ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ತೆರೆದರು. ಅನಾಥ ಮಕ್ಕಳು, ಬೀದಿಯಲ್ಲಿ ದುಡಿಯುತ್ತಿದ್ದ ಮಕ್ಕಳು, ಹೆಣ್ಣುಮಕ್ಕಳು ಅಲ್ಲಿ ರಬಾಬ್, ಸಿತಾರ್, ಪಿಟೀಲು ಕಲಿತರು. ಹುಡುಗಿಯರದೇ 'ಜೊಹ್ರಾ' ವಾದ್ಯವೃಂದ ಹುಟ್ಟಿತು. 2014ರ ಆತ್ಮಾಹುತಿ ದಾಳಿಯಲ್ಲಿ ಸರ್ಮಸ್ತರ ಕಿವಿಗಳಿಗೆ ತೀವ್ರ ಪೆಟ್ಟಾಯಿತು. ಆದರೂ ಅವರು ಸಂಸ್ಥೆಯನ್ನು ಬಿಡಲಿಲ್ಲ.

2021ರ ಆಗಸ್ಟ್‌ನಲ್ಲಿ ತಾಲಿಬಾನ್ ಮರಳಿತು. ಸಂಸ್ಥೆಯ ಬಾಗಿಲು ಮುಚ್ಚಿತು. ಆರನೇ ತರಗತಿಯ ನಂತರ ಹೆಣ್ಣುಮಕ್ಕಳಿಗೆ ಶಾಲೆಯೇ ಇಲ್ಲದಂತಾಯಿತು. ಅದೇ ವರ್ಷದ ಕೊನೆಯಲ್ಲಿ ಸಂಸ್ಥೆಯ ವಿದ್ಯಾರ್ಥಿಗಳು, ಶಿಕ್ಷಕರು, ಬಂಧುಗಳು ಸೇರಿ 273 ಮಂದಿ ಪೋರ್ಚುಗಲ್ ತಲುಪಿದರು. ಮತ್ತೆ ಪಾಠ ಆರಂಭವಾದದ್ದು ಅಲ್ಲಿ.

ಸಂಗೀತದ ವಿಷಯದಲ್ಲಿ ನಮ್ಮ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ಇದು ವೇದಿಕೆಯಲ್ಲ. ನಾನು ನಿಮ್ಮ ಗಮನಕ್ಕೆ ತರಲು ಬಯಸುವುದು ಇಷ್ಟೇ: ಕಟ್ಟಡವನ್ನು ಮತ್ತೆ ಕಟ್ಟಬಹುದು, ವಾದ್ಯವನ್ನು ಮತ್ತೆ ಕೊಳ್ಳಬಹುದು. ಉಸ್ತಾದರ ಕೈಯಿಂದ ಶಾಗಿರ್ದನ ಕೈಗೆ ಬರುವ ವಿದ್ಯೆ ಒಂದು ತಲೆಮಾರು ನಿಂತುಹೋದರೆ ಅದನ್ನು ಯಾವ ಅಂಗಡಿಯಲ್ಲಿ ಕೊಳ್ಳೋಣ?

ನಮ್ಮ ಊರಿಗೂ ಈ ಮಾತು ಅನ್ವಯಿಸುತ್ತದೆ. ಮಂಡಿ ಮೊಹಲ್ಲಾದ ಬೀಟೆಮರದ ಕೆತ್ತುಗೂಡಿಸುವ ಕೆಲಸ ನಮ್ಮ ಅನೇಕ ಮನೆತನಗಳು ಕಾಪಾಡಿಕೊಂಡು ಬಂದ ವಿದ್ಯೆ. ಅಲ್ಲಿ ಯುದ್ಧವಿಲ್ಲ, ನಿಷೇಧವಿಲ್ಲ. ಕಲಿಯುವವರು ಬಾರದಿದ್ದರೂ ವಿದ್ಯೆ ಅಳಿಯುತ್ತದೆ.

ವಿದ್ಯಾರ್ಥಿಗಳೇ, ಕಾಲೇಜಿನ ಪದವಿಯ ಜೊತೆಗೆ, ಮನೆಯ ಅಥವಾ ಮೊಹಲ್ಲಾದ ಹಿರಿಯರೊಬ್ಬರ ಬಳಿ ಕುಳಿತು ಒಂದು ವಿದ್ಯೆಯನ್ನು ಕಲಿಯಿರಿ. ಪೋಷಕರೇ, ಮಗನಿಗೆ ಕೊಡುವ ಈ ಅವಕಾಶವನ್ನು ಮಗಳಿಗೂ ಕೊಡಿ.