ಹಲಸಿನ ಬೀಜ

ಹಲಸಿನ ತೊಳೆಯನ್ನು ಹೊಗಳಿದವರು ಬಹಳ ಮಂದಿ. ಒಳಗಿನ ಬೀಜಕ್ಕೆ ಆ ಭಾಗ್ಯ ಕಡಮೆ. ಪಟ್ಟಣಗಳಲ್ಲಿ ತೊಳೆ ತಿಂದವರು ಬೀಜವನ್ನು ಬೀದಿಯ ಬದಿಗೆ ಎಸೆದು ಹೋಗುತ್ತಾರೆ. ಮಲೆನಾಡು, ಕರಾವಳಿಗಳ ರೂಢಿ ಬೇರೆ. ಅಲ್ಲಿ ಹಣ್ಣು ಮುಗಿದ ಮೇಲೆ ಬೀಜದ ಕಾಲ ತೊಡಗುತ್ತದೆ. ತುಳುನಾಡಿನವರು ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ, ಬಿಸಿಲಿನಲ್ಲಿ ಕಲ್ಲಿನಂತಾಗುವವರೆಗೆ ಒಣಗಿಸಿ ‘ಸಾಂತಾಣಿ’ ಮಾಡಿಡುತ್ತಾರೆ. ಜಡಿಮಳೆಯ ದಿನಗಳ ತಿಂಡಿ ಅದು. ಹಲ್ಲಿಗೆ ಪರೀಕ್ಷೆಯೇ ಸರಿ. ಆದರೆ ಒಂದು ಬೀಜ ಬಾಯಲ್ಲಿದ್ದರೆ ಬೇಸರ ಹತ್ತಿರ ಸುಳಿಯದು.

ಇದನ್ನು ಕಡಲೆಕಾಯಿಗೆ ಹೋಲಿಸುವವರುಂಟು. ಹೋಲಿಕೆ ಸಲ್ಲದು. ನೂರು ಗ್ರಾಂ ಕಡಲೆಕಾಯಿ ಬೀಜದಲ್ಲಿ ಸಸಾರಜನಕ ಸುಮಾರು 25 ಗ್ರಾಂ, ಎಣ್ಣೆಯಂತೂ ಅದಕ್ಕೂ ಹೆಚ್ಚು. ಅಷ್ಟೇ ತೂಕದ ಹಸಿ ಹಲಸಿನ ಬೀಜದಲ್ಲಿ ಸಸಾರಜನಕ 6ರಿಂದ 7 ಗ್ರಾಂ. ಎಣ್ಣೆ ಇಲ್ಲವೆನ್ನುವಷ್ಟು ಕಡಮೆ. ಅರ್ಧದಷ್ಟಾದರೂ ನೀರು, ಉಳಿದುದರಲ್ಲಿ ಬಹುಪಾಲು ಪಿಷ್ಟ. ಗುಣದಲ್ಲಿ ಇದು ಧಾನ್ಯಕ್ಕೂ ಗೆಡ್ಡೆಗೂ ಹತ್ತಿರದ ಬಂಧು. ಜೊತೆಗೆ ನಾರು, ಪೊಟ್ಯಾಸಿಯಮ್, ಕೆಲವು ಬಿ ಜೀವಸತ್ವಗಳೂ ಇವೆ.

ಹಸಿಯಾಗಿ ಮಾತ್ರ ತಿನ್ನುವಂತಿಲ್ಲ. ಸಸಾರಜನಕವನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ರಸವನ್ನು ತಡೆಯುವ ದ್ರವ್ಯಗಳು ಹಸಿಬೀಜದಲ್ಲಿವೆ; ಚೆನ್ನಾಗಿ ಬೆಂದಾಗ ಅವುಗಳ ಬಲ ಕುಂದುತ್ತದೆ. ಬೆಂದ ಮೇಲೂ ಕರಗದೆ ಉಳಿದ ಪಿಷ್ಟ ದೊಡ್ಡಕರುಳಿನಲ್ಲಿ ಹುದುಗಿ ವಾಯುವಾಗುತ್ತದೆ. ಈ ವಿಷಯದಲ್ಲಿ ಹಲಸಿನ ಬೀಜದ ಕೀರ್ತಿ ಎಲ್ಲರಿಗೂ ತಿಳಿದದ್ದೇ, ಹೆಚ್ಚು ಹೇಳಬೇಕಾಗಿಲ್ಲ.

ಹೇಳಬೇಕಾದ ಮಾತು ಬೇರೊಂದಿದೆ. ಉಂಡವನಿಗೆ ತಿಂಡಿಯಾದ ಬೀಜ ಹಸಿದವನಿಗೆ ಊಟ. ಆಷಾಢದಲ್ಲಿ ಪಣತ ಬರಿದಾದ ಬಡವರ ಮನೆಯಲ್ಲಿ ಹುಳಿಗೆ ಬೀಳುತ್ತಿದ್ದ ಹಲಸಿನ ಬೀಜ ರುಚಿಗಾಗಿ ಬೀಳುತ್ತಿರಲಿಲ್ಲ. 2001ರಲ್ಲಿ ಒಡಿಶಾದ ಕಾಶೀಪುರದ ಹಳ್ಳಿಗಳಲ್ಲಿ ಮಾವಿನ ಗೊರಟಿನ ಗಂಜಿ ಉಂಡವರು ಸತ್ತರು. ಕೆಟ್ಟ ಗೊರಟಿನಿಂದ ಸತ್ತರೋ, ಹಸಿವಿನಿಂದಲೋ ಎಂದು ದೊಡ್ಡ ವಾದವೇ ನಡೆಯಿತು. ಗೊರಟನ್ನು ತಿನ್ನುವ ಹಾಗೆ ಮಾಡಿದ್ದು ಯಾವುದೆಂಬ ಪ್ರಶ್ನೆ ಆ ವಾದದಲ್ಲಿ ಹಿಂದೆ ಸರಿಯಿತು.

ಆದ್ದರಿಂದ ಕೂಡಿಟ್ಟ ಬೀಜದಲ್ಲಿ ಬೂಷ್ಟು ಕಂಡರೆ ಉಳಿಸಲು ನೋಡದೆ ಎಸೆಯಿರಿ. ಎಸೆಯುವ ಅನುಕೂಲ ನಮಗಿದೆ. ಒಳ್ಳೆಯ ಬೀಜವನ್ನು ಕೆಂಡದಲ್ಲಿ ಸುಡುವ ಮುನ್ನ ಸಿಪ್ಪೆಯನ್ನು ಒಂದಿಷ್ಟು ಸೀಳಿ. ಇಲ್ಲವಾದರೆ ಅದು ಸಿಡಿದು ಒಲೆಯ ಬೂದಿಯೆಲ್ಲ ನಿಮ್ಮ ಮುಖಕ್ಕೆ.