ಎರಡು ನಾಣ್ಯಗಳ ನಡುವಣ ಸರಾಫ

(ಹೈದರಾಬಾದಿನ ಮಿಯಾಪುರದಲ್ಲಿ ಕನ್ನಡ ಬಂಧುಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಈ ಸಭೆಯಲ್ಲಿ ಕಲಬುರಗಿ, ರಾಯಚೂರು, ಬೀದರ ಕಡೆಯವರು ಅನೇಕರಿದ್ದೀರಿ. ಮನೆಯ ಹಿರಿಯರ ಬಾಯಲ್ಲಿ ‘ಹಾಲಿ’, ‘ಕಲ್ದಾರ’ ಎಂಬ ಮಾತುಗಳನ್ನು ಕೇಳಿರಬಹುದು. ನಿಜಾಮರ ಸಂಸ್ಥಾನಕ್ಕೆ ತನ್ನದೇ ಆದ ಹಾಲಿ ಸಿಕ್ಕಾ ಇತ್ತು. ಬ್ರಿಟಿಷ್ ಇಂಡಿಯಾದ ರೂಪಾಯಿಯೇ ಕಲ್ದಾರ. ಸುಮಾರು ಏಳು ಹಾಲಿಗೆ ಆರು ಕಲ್ದಾರ. ರಾಯಚೂರಿನಿಂದ ಬಳ್ಳಾರಿಗೆ ಹೊರಟವನ ಭಾಷೆ ಬದಲಾಗುತ್ತಿರಲಿಲ್ಲ, ನಾಣ್ಯ ಬದಲಾಗುತ್ತಿತ್ತು. ಅದಕ್ಕೆ ಸರಾಫ ಬೇಕು, ಸರಾಫನಿಗೆ ವಟ್ಟ ಬೇಕು, ಎಲ್ಲಕ್ಕಿಂತ ಮೊದಲು ಅವನ ಮೇಲೆ ನಂಬಿಕೆ ಬೇಕು. ಇಂದಿನ ನನ್ನ ವಿಷಯ ಕ್ರಿಪ್ಟೋ ನಾಣ್ಯಗಳ ವಿನಿಮಯ. ವಿಷಯ ಹೊಸದು, ಸರಾಫನ ಪ್ರಶ್ನೆ ಹಳೆಯದು.

ಬ್ಲಾಕ್‌ಚೈನ್ ಎಂಬುದು ಮೂಲತಃ ಒಂದು ಲೆಕ್ಕದ ಪುಸ್ತಕ. ಶಾನುಭೋಗರ ದಫ್ತರ ಒಬ್ಬರ ವಶದಲ್ಲಿರುತ್ತಿತ್ತು. ಇದರ ಪ್ರತಿಗಳು ಸಾವಿರಾರು ಗಣಕಯಂತ್ರಗಳಲ್ಲಿರುತ್ತವೆ. ಪ್ರತಿಯೊಂದು ಪುಟವೂ ಹಿಂದಿನ ಪುಟದ ‘ಹ್ಯಾಷ್’ ಅನ್ನು, ಅಂದರೆ ಗಣಿತದಿಂದ ಪಡೆದ ಬೆರಳಚ್ಚನ್ನು ಹೊತ್ತಿರುತ್ತದೆ. ಹಳೆಯ ಪುಟದ ಒಂದೇ ಅಂಕಿಯನ್ನು ತಿದ್ದಿದರೂ ಬೆರಳಚ್ಚು ಬದಲಾಗಿ ಮೋಸ ಬಯಲಾಗುತ್ತದೆ. ಸತೋಷಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರಿನಲ್ಲಿ ಹೊರಬಂದ ಪ್ರಬಂಧವು ಈ ವಿಧಾನವನ್ನು ಹಣಕ್ಕೆ ಅನ್ವಯಿಸಿತು. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಪುಸ್ತಕದ ಮೊದಲ ಪುಟ ಬರೆಯಲ್ಪಟ್ಟಿತು.

ಆದರೆ ಒಂದು ಪುಸ್ತಕಕ್ಕೆ ಇನ್ನೊಂದು ಪುಸ್ತಕ ಕಾಣದು. 2015ರಲ್ಲಿ ಆರಂಭವಾದ ಈಥೀರಿಯಮ್‌ನಲ್ಲಿ ಏನು ನಡೆಯಿತೆಂದು ಬಿಟ್‌ಕಾಯಿನ್ ಅರಿಯದು. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವವನು ಬಹುಮಟ್ಟಿಗೆ ವಿನಿಮಯ ಕೇಂದ್ರವನ್ನೋ ‘ಸೇತುವೆ’ ಎಂಬ ಏರ್ಪಾಟನ್ನೋ ನಂಬುತ್ತಾನೆ. ಸರಾಫ ಇಲ್ಲಿ ಹಿಂಬಾಗಿಲಿನಿಂದ ಮತ್ತೆ ಒಳಬಂದ! 2022ರ ಮಾರ್ಚಿನಲ್ಲಿ ರೋನಿನ್ ಎಂಬ ಸೇತುವೆಯಿಂದ 60 ಕೋಟಿ ಡಾಲರಿಗೂ ಮಿಕ್ಕ ಮೌಲ್ಯ ಕಳುವಾಯಿತು. ಅದರ ಒಂಬತ್ತು ಕೀಲಿಗಳಲ್ಲಿ ಐದು ಕಳ್ಳರ ಕೈಸೇರಿದ್ದವು, ಐದೇ ಸಾಕಾಗಿತ್ತು. 2024ರ ಜುಲೈಯಲ್ಲಿ ನಮ್ಮ ದೇಶದ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯ ಹೋಯಿತು. ಎರಡೂ ಸಲ ಪುಸ್ತಕವನ್ನು ಯಾರೂ ತಿದ್ದಲಿಲ್ಲ. ಕಾವಲಿನವರಲ್ಲಿದ್ದ ಹಣವೇ ಹೋಯಿತು.

ಸರಾಫನಿಲ್ಲದ ದಾರಿಯೊಂದುಂಟು. 2013ರಲ್ಲಿ ಟಿಯರ್ ನೋಲನ್ ಎಂಬ ಹೆಸರಿನವರು ವಿವರಿಸಿದ ಇದಕ್ಕೆ ‘ಅಟಾಮಿಕ್ ಸ್ವಾಪ್’ ಎನ್ನುತ್ತಾರೆ. ಒಬ್ಬನಲ್ಲಿ ಬಿಟ್‌ಕಾಯಿನ್, ಇನ್ನೊಬ್ಬನಲ್ಲಿ ಲೈಟ್‌ಕಾಯಿನ್ ಇದೆ ಎನ್ನೋಣ. ಮೊದಲನೆಯವನು ಒಂದು ಗುಟ್ಟಿನ ಸಂಖ್ಯೆಯನ್ನು ಆರಿಸಿ, ಅದರ ಬೆರಳಚ್ಚಿನಿಂದ ತನ್ನ ನಾಣ್ಯಕ್ಕೆ, ಎರಡು ದಿನಗಳ ಗಡುವಿಟ್ಟು, ಬೀಗ ಹಾಕುತ್ತಾನೆ. ಎರಡನೆಯವನು ಅದೇ ಬೆರಳಚ್ಚಿನಿಂದ ತನ್ನ ನಾಣ್ಯಕ್ಕೆ ಒಂದು ದಿನದ ಗಡುವಿಟ್ಟು ಬೀಗ ಹಾಕುತ್ತಾನೆ. ಮೊದಲನೆಯವನು ಲೈಟ್‌ಕಾಯಿನ್ ಪಡೆಯಲು ಗುಟ್ಟನ್ನು ಬಯಲು ಮಾಡಲೇಬೇಕು. ಬಯಲಾದ ಗುಟ್ಟಿನಿಂದಲೇ ಇನ್ನೊಬ್ಬನು ಬಿಟ್‌ಕಾಯಿನ್ ಪಡೆಯುತ್ತಾನೆ. ಅವನಿಗೆ ಸಮಯ ಉಳಿಯಲೆಂದೇ ಗಡುವಿನಲ್ಲಿ ವ್ಯತ್ಯಾಸ. ಗುಟ್ಟು ಬಯಲಾಗದಿದ್ದರೆ ಗಡುವು ಮುಗಿದ ಮೇಲೆ ಅವರವರ ನಾಣ್ಯ ಅವರವರಿಗೆ ಮರಳುತ್ತದೆ. ಆದರೆ ಗಡುವಿನ ಮೇಲೆ ಕಣ್ಣಿಟ್ಟಿರುವ ಜಾಗರೂಕತೆ ಬೇಕು. ನಾಣ್ಯದ ಬೆಲೆ ಕುಸಿದರೆ ಯಾವ ಬೀಗವೂ ಕಾಪಾಡದು.

ಇಷ್ಟನ್ನು ಹೇಳಲು ಕಾರಣವಿದೆ. ನನ್ನ ಪರಿಚಯದ ನಿವೃತ್ತರೊಬ್ಬರು ದೂರವಾಣಿಯಲ್ಲಿ ಬಂದ ಸಂದೇಶವನ್ನು ನಂಬಿ ತಮ್ಮ ಗ್ರ್ಯಾಚುಟಿಯ ಹಣವನ್ನು ಇಂಥ ನಾಣ್ಯಗಳಲ್ಲಿ ತೊಡಗಿಸಿದರು. ಪರದೆಯ ಮೇಲೆ ಲಾಭ ಬೆಳೆಯುತ್ತಲೇ ಇತ್ತು. ಹಣ ಕೇಳಿದಾಗ ‘ಮೊದಲು ತೆರಿಗೆ ಕಟ್ಟಿ’ ಎಂಬ ಉತ್ತರ ಬಂತು. ಕಟ್ಟಿದರು, ಅದೂ ಹೋಯಿತು. ಅವರು ಕಂಡದ್ದು ಬ್ಲಾಕ್‌ಚೈನ್ ಅಲ್ಲ, ಬರಿಯ ಚಿತ್ರ. ನಾಚಿಕೆಯಿಂದ ತಿಂಗಳುಗಟ್ಟಲೆ ಮಗನಿಗೂ ತಿಳಿಸಲಿಲ್ಲ.

ಕಾನೂನಿನ ಮಾತು ಸಂಕ್ಷೇಪವಾಗಿ. ರಿಸರ್ವ್ ಬ್ಯಾಂಕಿನ 2018ರ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚಿನಲ್ಲಿ ರದ್ದುಗೊಳಿಸಿತು. ಆದರೂ ಇವು ಕಾನೂನುಬದ್ಧ ಚಲಾವಣೆಯ ಹಣವಲ್ಲ. 2022ರಲ್ಲಿ ಇವುಗಳ ಲಾಭದ ಮೇಲೆ ಶೇಕಡಾ 30ರ ತೆರಿಗೆ ಬಂತು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸಿದರೂ ಅದು ಅನ್ವಯಿಸುತ್ತದೆ.

ಕೊಳ್ಳಿರೆಂದಾಗಲಿ ಬೇಡವೆಂದಾಗಲಿ ನಾನು ಹೇಳುವವನಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘ಕೀಲಿ ಯಾರ ಕೈಯಲ್ಲಿದೆ?’ ಅಂದು ನಮ್ಮ ಹಿರಿಯರು ಸರಾಫನ ಅಂಗಡಿಯನ್ನೂ ಮನೆಯನ್ನೂ ಬಲ್ಲರು. ಇಂದಿನ ಸರಾಫನಿಗೆ ಮುಖವಿಲ್ಲ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಕಳೆದುಕೊಂಡಿದ್ದರೆ ಮುಚ್ಚಿಡಬೇಡಿ. 1930ಕ್ಕೆ ಕೂಡಲೇ ಕರೆಮಾಡಿ, ಮನೆಯವರಿಗೂ ತಿಳಿಸಿ. ಪರನಾಡಿನಲ್ಲಿ ನಾವು ಸಂಘ ಕಟ್ಟಿಕೊಂಡಿರುವುದು ರಾಜ್ಯೋತ್ಸವದ ಸಂಜೆಗೆ ಮಾತ್ರವಲ್ಲವಷ್ಟೆ.