ಬಿಡುಗಡೆಯಾದ ಪುಸ್ತಕ ಮನೆಗೆ ಬಂದ ಮೇಲೆ



ಬೆಂಗಳೂರಿನಲ್ಲಿ ಭಾನುವಾರ ಬಂತೆಂದರೆ ಯಾವುದಾದರೊಂದು ಸಭಾಂಗಣದಲ್ಲಿ ಕನ್ನಡ ಪುಸ್ತಕವೊಂದರ ಬಿಡುಗಡೆ ಸಮಾರಂಭ ಇದ್ದೇ ಇರುತ್ತದೆ. ಉಪಾಹಾರ, ಕಾಫಿ, ಪ್ರಾರ್ಥನೆ, ಸ್ವಾಗತ. ಆಮೇಲೆ ಬಣ್ಣದ ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟಿದ ಪುಸ್ತಕಗಳು ತಟ್ಟೆಯಲ್ಲಿ ವೇದಿಕೆಗೆ ಬರುತ್ತವೆ. ಮುಖ್ಯ ಅತಿಥಿಗಳು ಗಂಟು ಬಿಚ್ಚುತ್ತಾರೆ. ವೇದಿಕೆಯ ಮೇಲಿದ್ದವರೆಲ್ಲ ಒಂದೊಂದು ಪ್ರತಿಯನ್ನು ಎದೆಯ ಮಟ್ಟಕ್ಕೆ ಹಿಡಿದು ನಿಲ್ಲುತ್ತಾರೆ. ಫೋಟೋ, ಚಪ್ಪಾಳೆ. ಕೊನೆಗೆ ಲೇಖಕರು ಮಾತಿಗೆ ನಿಂತಾಗ ಅವರ ನೆನಪು ಸಾಮಾನ್ಯವಾಗಿ ಮನೆಯ ಕಡೆಗೇ ಹೊರಳುತ್ತದೆ. ಕಥೆ ಹೇಳಿದ ಅಜ್ಜಿ, ಸಂಬಳದ ದಿನ ಒಂದು ಪುಸ್ತಕ ತರುತ್ತಿದ್ದ ಅಪ್ಪ, ಬರೆಯುವ ಹೊತ್ತಿನಲ್ಲಿ ಸಂಸಾರದ ಭಾರ ಹೊತ್ತ ಬಾಳಸಂಗಾತಿ, ಎಲ್ಲರೂ ಆ ಮಾತಿನಲ್ಲಿ ಬಂದುಹೋಗುತ್ತಾರೆ. ಸಭೆ ಮುಗಿದ ಮೇಲೆ ನಾವು ರಿಯಾಯಿತಿ ದರದಲ್ಲಿ ಒಂದು ಪ್ರತಿ ಕೊಂಡು, ಹಸ್ತಾಕ್ಷರ ಹಾಕಿಸಿಕೊಂಡು ಮನೆಗೆ ಹೊರಡುತ್ತೇವೆ.

ನಾನು ಈಗ ನಿಮ್ಮೊಡನೆ ಮಾತನಾಡಬೇಕೆಂದಿರುವುದು ಅಲ್ಲಿಂದ ಮುಂದಿನ ಸಂಗತಿಯನ್ನು. ಸೋಮವಾರ ಆ ಪುಸ್ತಕ ಎಲ್ಲಿರುತ್ತದೆ? ಷೋಕೇಸಿನ ಗಾಜಿನ ಹಿಂದೆಯೋ, ಯಾರದಾದರೂ ಕೈಯಲ್ಲಿಯೋ? ಬಿಡುಗಡೆ ಎಂಬ ಮಾತಿಗೆ ಕಟ್ಟಿನಿಂದ ಪಾರಾಗುವುದು ಎಂಬ ಅರ್ಥವೂ ಇದೆಯಷ್ಟೆ. ರಿಬ್ಬನ್ ಬಿಚ್ಚಿದ ಮಾತ್ರಕ್ಕೆ ಪುಸ್ತಕಕ್ಕೆ ಬಿಡುಗಡೆ ದೊರೆಯುವುದಿಲ್ಲ. ಮನೆಯಲ್ಲಿ ಒಬ್ಬರು ಅದನ್ನು ಓದಿ ಇನ್ನೊಬ್ಬರ ಕಿವಿಗೆ ಹಾಕಿದಾಗ ಮಾತ್ರ ದೊರೆಯುತ್ತದೆ.

ಇದು ಹೊಸ ವಿಚಾರವೇನೂ ಅಲ್ಲ. ಸಾವಿರ ವರ್ಷಗಳ ಹಿಂದಿನ ಒಂದು ಪುಸ್ತಕ ಪ್ರಸಾರದ ಪ್ರಸಂಗ ನಿಮಗೆ ಗೊತ್ತೇ ಇದೆ. ಹತ್ತನೆಯ ಶತಮಾನದಲ್ಲಿ ಪೊನ್ನ ಕವಿ ಶಾಂತಿಪುರಾಣವನ್ನು ರಚಿಸಿದ. ಅದನ್ನು ಬರೆಯಿಸಿದವರು ಮಲ್ಲಪಯ್ಯ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಮಲ್ಲಪಯ್ಯನ ಮಗಳೇ ಅತ್ತಿಮಬ್ಬೆ. ಚಿಕ್ಕ ವಯಸ್ಸಿನಲ್ಲಿಯೇ ಗಂಡ ನಾಗದೇವನನ್ನು ಕಳೆದುಕೊಂಡ ಈಕೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಲಿಪಿಕಾರರು ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಬರೆಯಬೇಕು. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದವಳೂ ಈಕೆಯೇ. ಅವಳ ದಾನದ ಹಿರಿಮೆಯನ್ನು 1007 ರ ಲಕ್ಕುಂಡಿ ಶಾಸನ ಹಾಡಿಹೊಗಳಿದೆ.

ನಾವು ಸಾಮಾನ್ಯವಾಗಿ ಇಲ್ಲಿ ದಾನವನ್ನಷ್ಟೇ ಕಾಣುತ್ತೇವೆ. ಆದರೆ ಇದು ಒಂದು ಕುಟುಂಬದ ಕಥೆಯೂ ಹೌದು. ತಂದೆ ಮತ್ತು ಚಿಕ್ಕಪ್ಪ ಬರೆಯಿಸಿದ ಪುಸ್ತಕ ತಮ್ಮ ಮನೆಯ ಪೆಟ್ಟಿಗೆಯಲ್ಲಿ ಉಳಿದು ಗೆದ್ದಲಿಗೆ ತುತ್ತಾಗಬಾರದೆಂದು ಮಗಳು ಅದನ್ನು ಸಾವಿರ ಮನೆ, ಮಠ, ಬಸದಿಗಳಿಗೆ ಕಳುಹಿಸಿದಳು. ಬರೆಯಿಸಿದವರು ಹಿರಿಯರು, ಬಿಡುಗಡೆ ಮಾಡಿದವಳು ಮಗಳು.

ಈ ಅತ್ತಿಮಬ್ಬೆಯನ್ನು ಕುರಿತು ಅಧ್ಯಯನ ಮಾಡಿ ಬರೆದ ವಿದ್ವಾಂಸರೊಬ್ಬರು ನಮ್ಮ ಪಶ್ಚಿಮ ಬೆಂಗಳೂರಿನವರೇ. ಅವರು ರಾಜಾಜಿನಗರದಲ್ಲಿ ನೆಲೆಸಿದ್ದ ಡಾ. ಕಮಲಾ ಹಂಪನಾ. ದೇವನಹಳ್ಳಿಯಲ್ಲಿ 1935 ರಲ್ಲಿ ಹುಟ್ಟಿದ ಕಮಲಾ, ಹಂಪಸಂದ್ರದಲ್ಲಿ 1936 ರಲ್ಲಿ ಹುಟ್ಟಿದ ಹಂಪ ನಾಗರಾಜಯ್ಯ, ಇಬ್ಬರೂ ಮೈಸೂರಿನಲ್ಲಿ ಸಹಪಾಠಿಗಳು. ಜಾತಿಯ ಗೋಡೆಯನ್ನು ದಾಟಿ ಮದುವೆಯಾದವರು. ಒಂದೇ ಸೂರಿನಡಿ ಇಬ್ಬರು ಅಧ್ಯಾಪಕರು, ಇಬ್ಬರು ಸಂಶೋಧಕರು. ಕಮಲಾ ಅವರು ಮೂಡುಬಿದಿರೆಯಲ್ಲಿ 2003 ರಲ್ಲಿ ನಡೆದ 71 ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಂಪನಾ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾಗಿದ್ದವರು, 2024 ರ ಮೈಸೂರು ದಸರೆಯನ್ನು ಉದ್ಘಾಟಿಸಿದವರು. ಅದೇ ವರ್ಷದ ಜೂನ್ 22 ರಂದು ಕಮಲಾ ಅವರು ತೀರಿಕೊಂಡಿದ್ದರು.

ಇಂಥ ದಂಪತಿಗಳ ಬಾಳನ್ನು ನೋಡಿದಾಗ ನನಗೆ ಹೊಳೆಯುವುದು ಇಷ್ಟು. ಮನೆಯಲ್ಲಿ ಗಂಡ ಓದುತ್ತಿದ್ದರೆ ಅದನ್ನು ಕೆಲಸವೆಂದೂ ಹೆಂಡತಿ ಓದುತ್ತಿದ್ದರೆ ಅದನ್ನು ಬಿಡುವೆಂದೂ ಎಣಿಸುವ ಅಭ್ಯಾಸ ನಮ್ಮಲ್ಲಿದೆ. 'ಓದುತ್ತಾ ಕೂತಿದ್ದೀಯಲ್ಲ, ಹಾಲು ಉಕ್ಕೀತು' ಎಂಬ ಮಾತನ್ನು ಯಾವ ಗಂಡಸಿಗೂ ಯಾರೂ ಹೇಳುವುದಿಲ್ಲ. ಇಬ್ಬರ ಓದಿಗೂ ಒಂದೇ ಬೆಲೆ ಸಿಕ್ಕಿದ ಮನೆಯಿಂದ ಇಬ್ಬರು ವಿದ್ವಾಂಸರು ಬಂದರು ಎಂಬುದನ್ನು ನಾವು ಮರೆಯಬಾರದು.

ಆದರೆ ಎಲ್ಲರ ಮನೆಯಲ್ಲಿಯೂ ಓದುವುದಕ್ಕೆ ಒಂದು ಮೇಜು, ಒಂದು ದೀಪ ಇರಬೇಕಲ್ಲ! ರಾಜಾಜಿನಗರದ ಪಕ್ಕದಲ್ಲಿಯೇ ಶ್ರೀರಾಂಪುರವಿದೆ. ಕವಿ ಸಿದ್ಧಲಿಂಗಯ್ಯನವರು ಬೆಳೆದದ್ದು ಅಲ್ಲಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಹೊಟ್ಟೆಪಾಡಿಗಾಗಿ ಬೆಂಗಳೂರಿಗೆ ಬಂದ ಕೂಲಿಯವರ ಸಂಸಾರ ಅವರದು. ಆ ದಿನಗಳನ್ನು ಅವರು 'ಊರುಕೇರಿ' ಎಂಬ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದರ ಮೊದಲ ಭಾಗ ಹೊರಬಂದದ್ದು 1996 ರಲ್ಲಿ. ಇಕ್ಕಟ್ಟಿನ ಮನೆಯಲ್ಲಿ ಸಿಗದ ಏಕಾಂತ ಅವರಿಗೆ ಸಿಕ್ಕಿದ್ದು ಸ್ಮಶಾನದಲ್ಲಿ. ಸಮಾಧಿಗಳ ನಡುವೆ ಕೂತು ಓದಿದ ಹುಡುಗ ಮುಂದೆ 1975 ರಲ್ಲಿ 'ಹೊಲೆಮಾದಿಗರ ಹಾಡು' ಸಂಕಲನವನ್ನು ತಂದು ಕನ್ನಡ ಕಾವ್ಯದ ದಿಕ್ಕನ್ನೇ ತಿರುಗಿಸಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು, ವಿಧಾನ ಪರಿಷತ್ತಿನ ಸದಸ್ಯರಾದರು, 2015 ರಲ್ಲಿ ಶ್ರವಣಬೆಳಗೊಳದ ಸಮ್ಮೇಳನದ ಅಧ್ಯಕ್ಷರೂ ಆದರು. 2021 ರ ಜೂನ್‌ನಲ್ಲಿ ಅವರು ನಮ್ಮನ್ನಗಲಿದರು.

ಅದೇ 1996 ರಲ್ಲಿ ಪ್ರಕಟವಾದ ಮತ್ತೊಂದು ಪುಸ್ತಕ ಪೂರ್ಣಚಂದ್ರ ತೇಜಸ್ವಿಯವರ 'ಅಣ್ಣನ ನೆನಪು'. ಮಹಾಕವಿ ಕುವೆಂಪು ಅವರನ್ನು ಮಗನ ಕಣ್ಣಿನಿಂದ ಕಾಣಿಸಿದ ಕೃತಿ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಿ. ಒಬ್ಬರು ಬೆಳೆದದ್ದು ಪುಸ್ತಕಗಳ ನಡುವೆ, ಮೈಸೂರಿನ 'ಉದಯರವಿ'ಯಂಥ ಮನೆಯಲ್ಲಿ. ಇನ್ನೊಬ್ಬರು ಪುಸ್ತಕ ಹಿಡಿದು ಕೂರಲು ಜಾಗ ಹುಡುಕಿಕೊಂಡು ಮನೆಯಿಂದಾಚೆ ಹೋಗಬೇಕಾಯಿತು. ಇಬ್ಬರೂ ದೊಡ್ಡ ಲೇಖಕರಾದರು, ನಿಜ. ಹಾಗೆಂದು ಹಠವಿದ್ದವರು ಎಲ್ಲಿಯಾದರೂ ಓದಿಯಾರು ಎಂದು ನಾವು ಕೈಕಟ್ಟಿ ಕೂರುವಂತಿಲ್ಲ. ಜಾಗ ಸಿಗದೆ ಓದನ್ನೇ ಬಿಟ್ಟ ಮಕ್ಕಳು ಆತ್ಮಕಥೆ ಬರೆಯುವುದಿಲ್ಲ. ಅವರ ಲೆಕ್ಕ ನಮಗೆ ಸಿಗುವುದೇ ಇಲ್ಲ.

ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ಇಂದಿಗೂ ಒಂದು ಹಾಲ್, ಒಂದು ಅಡುಗೆಮನೆಯ ಬಾಡಿಗೆ ಮನೆಗಳು ಎಷ್ಟಿಲ್ಲ? ಸಂಜೆ ಅದೇ ಹಾಲಿನಲ್ಲಿ ಟಿ.ವಿ., ಅದರಲ್ಲಿಯೇ ಊಟ, ಅದರಲ್ಲಿಯೇ ಹಾಸಿಗೆ. ಇಂಥ ಮನೆಗೆ ಇನ್ನೊಂದು ಕೋಣೆ ಬೇಕಲ್ಲವೇ? ಆ ಕೋಣೆಯ ಹೆಸರು ಸಾರ್ವಜನಿಕ ಗ್ರಂಥಾಲಯ. ನಮ್ಮ ರಾಜ್ಯದಲ್ಲಿ 1965 ರಲ್ಲಿಯೇ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಆಯಿತು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6 ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ರಸೀದಿಯನ್ನೊಮ್ಮೆ ತೆಗೆದು ನೋಡಿ. ಅಂದರೆ ಆ ಕೋಣೆಯ ಬಾಡಿಗೆಯನ್ನು ನಾವು ಈಗಾಗಲೇ ಕೊಟ್ಟಾಗಿದೆ. ಒಳಗೆ ಹೋಗಿ ಕೂರುವುದಷ್ಟೇ ಬಾಕಿ. ವಿಜಯನಗರದ ಹಂಪಿನಗರದಲ್ಲಿ ಪಶ್ಚಿಮ ವಲಯದ ನಗರ ಕೇಂದ್ರ ಗ್ರಂಥಾಲಯವಿದೆ. ಬಡಾವಣೆಗಳಲ್ಲಿ ಶಾಖೆಗಳಿವೆ. ನಿಮ್ಮ ಮನೆಗೆ ಹತ್ತಿರದ ಶಾಖೆ ಯಾವುದು, ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದನ್ನು ಈ ವಾರವೇ ವಿಚಾರಿಸಿ. ಅಲ್ಲಿ ಹೊಸ ಪುಸ್ತಕ ಕಾಣದಿದ್ದರೆ ಕೇಳಿ. ಕೇಳುವವರಿದ್ದರೆ ಮಾತ್ರ ತರಿಸುವವರಿರುತ್ತಾರೆ.

ಇನ್ನು ಮನೆಯೊಳಗಿನ ಮಾತು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಕನ್ನಡ ಓದಲು ತಡವರಿಸುತ್ತಾರೆ ಎಂಬುದು ಅನೇಕ ತಂದೆತಾಯಿಗಳ ಕೊರಗು. ಓದಲು ಬಾರದ ಮಗುವಿಗೆ ಕೇಳಲು ಬರುತ್ತದೆ, ಅಲ್ಲವೇ? ನಮ್ಮ ಕಾವ್ಯಗಳು ಶತಮಾನಗಳ ಕಾಲ ಉಳಿದದ್ದೇ ಹೀಗೆ. ಒಬ್ಬರು ಗಮಕದಲ್ಲಿ ಓದುವುದು, ಹತ್ತು ಜನ ಕೂತು ಕೇಳುವುದು. ರಾತ್ರಿ ಊಟವಾದ ಮೇಲೆ ಅಜ್ಜಿಯೋ ತಾತನೋ ಹತ್ತು ನಿಮಿಷ ಒಂದು ಕಥೆಯನ್ನು ಗಟ್ಟಿಯಾಗಿ ಓದಲಿ. ಕಣ್ಣು ಮಂಜಾದ ಹಿರಿಯರಿದ್ದರೆ ಮೊಮ್ಮಗಳು ತಡವರಿಸುತ್ತಲೇ ಓದಲಿ, ಅವರು ತಿದ್ದಲಿ. ಅವಳಿಗೆ ಅಕ್ಷರ ಪಳಗುತ್ತದೆ, ಅವರಿಗೆ ಸಂಜೆ ಕಳೆಯುತ್ತದೆ. ಕೆಲಸಕ್ಕೆ ಹೋಗುವವರು ಪುರುಸೊತ್ತಿಲ್ಲ ಎನ್ನಬೇಕಾಗಿಲ್ಲ. ಕೆಂಗೇರಿಯವರೆಗೆ 2021 ರಿಂದ ಮೆಟ್ರೋ ಓಡಾಡುತ್ತಿದೆ. ಮೆಜೆಸ್ಟಿಕ್ ಮುಟ್ಟುವುದರೊಳಗೆ ಹತ್ತು ಪುಟ ಓದಬಹುದು.

ಲೇಖಕರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಬಿಡುಗಡೆಯ ದಿನ ತೆಗೆದ ಫೋಟೋಗಿಂತ, ಮೂರು ತಿಂಗಳ ಮೇಲೆ ಅಪರಿಚಿತರೊಬ್ಬರು 'ನಿಮ್ಮ ಪುಸ್ತಕವನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿದೆ' ಎಂದು ಬರೆಯುವ ನಾಲ್ಕು ಸಾಲು ಬರೆಯುವವರಿಗೆ ಹೆಚ್ಚು ಬಲ ಕೊಡುತ್ತದೆ. ಅಂಥ ಸಾಲುಗಳನ್ನು ಬರೆಯಲು ಜಿಪುಣತನ ಮಾಡಬೇಡಿ.

ಅತ್ತಿಮಬ್ಬೆಯಂತೆ ಸಾವಿರ ಪ್ರತಿ ಹಂಚುವ ಶಕ್ತಿ ನಮಗೆಲ್ಲರಿಗೂ ಇಲ್ಲ. ಕೊಂಡ ಒಂದು ಪ್ರತಿಯನ್ನು ಮನೆಯವರೆಲ್ಲ ಓದಿ, ಎದುರು ಮನೆಗೆ ಕೊಟ್ಟು, ಅಲ್ಲಿಂದ ಮತ್ತೊಂದು ಮನೆಗೆ ದಾಟಿಸುವ ಶಕ್ತಿ ಖಂಡಿತ ಇದೆ. ಮುಂದಿನ ಭಾನುವಾರ ನೀವು ಪುಸ್ತಕವೊಂದನ್ನು ತಂದರೆ ಅದನ್ನು ಗಾಜಿನ ಹಿಂದೆ ಇಡಬೇಡಿ. ಮನೆಯವರ ಕೈಗೆ ಸಿಗುವ ಕಡೆ ಇಡಿ.